ಆಳಂದದ ಆಚೆ ಒಂದು ಪರೀಕ್ಷೆ, ಈಚೆ ಒಂದು ಕತ್ತರಿ: ಎಚ್‌ಪಿವಿ ಬಗ್ಗೆ ಕಲಬುರಗಿ ತಿಳಿಯಬೇಕಾದ್ದು

ಕ್ಯಾನ್ಸರ್ ಅಂಟುರೋಗವಲ್ಲ ಅಂತ ನಾವೆಲ್ಲ ಶಾಲೆಯಲ್ಲೇ ಕಲಿತಿದ್ದೇವೆ. ರೋಗಿಯ ಪಕ್ಕ ಕೂತರೆ, ಒಂದೇ ತಾಟಿನಲ್ಲಿ ಉಂಡರೆ ಅದು ಬರೋದಿಲ್ಲ. ಆದರೆ ಕೆಲವು ಕ್ಯಾನ್ಸರುಗಳ ಹಿಂದೆ ಇರುವ ವೈರಸ್ ಮಾತ್ರ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಗರ್ಭಕಂಠದ ಕ್ಯಾನ್ಸರ್, ಅಂದರೆ ನಮ್ಮ ಕಡೆ 'ಗರ್ಭಚೀಲದ ಬಾಯಿ ಕ್ಯಾನ್ಸರ್' ಅಂತಾರಲ್ಲ, ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಇಂಥ ಒಂದು ವೈರಸ್ಸಿನ ಕೆಲಸ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಈ ಕ್ಯಾನ್ಸರ್ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ.

ನಾನು ತಾಜಸುಲ್ತಾನಪುರದ ಕಡೆಯಿಂದ ಬರೆಯುತ್ತಿದ್ದೇನೆ. ಕಲಬುರಗಿಯ ಅಂಚಿನ ಊರು. ಕೆಎಸ್‌ಆರ್‌ಪಿ ಪಡೆ ಇರೋ ಜಾಗ ಅಂದರೆ ಗುರುತು ಹಿಡಿಯೋರು ಜಾಸ್ತಿ. ಈ ಕಡೆ ನಗರ, ಆ ಕಡೆ ಕಮಲಾಪುರ ತಾಲೂಕಿನ ಹಳ್ಳಿಗಳು, ತಾಂಡಾಗಳು. ಈ ಊರಿನಿಂದ ನಿಂತು ನೋಡಿದರೆ ಎಚ್‌ಪಿವಿ ಅನ್ನೋದು ಬರೀ ಜೀವಶಾಸ್ತ್ರದ ಪಾಠವಲ್ಲ. ಆಳಂದ ದಾಟಿ ಗಡಿಯಾಚೆ ಹೋದರೆ, ಈ ಕ್ಯಾನ್ಸರಿನ ಸಾವನ್ನು ಅರ್ಧದಷ್ಟು ಇಳಿಸಬಹುದು ಅಂತ ಜಗತ್ತಿಗೇ ತೋರಿಸಿದ ಹಳ್ಳಿಗಳಿವೆ. ಗಡಿಯ ಈಚೆ, ನಮ್ಮದೇ ಜಿಲ್ಲೆಯಲ್ಲಿ, ಅದೇ ಕ್ಯಾನ್ಸರಿನ ಹೆಸರು ಹೇಳಿ ಹೆದರಿಸಿ ಸಾವಿರಾರು ಹೆಣ್ಣುಮಕ್ಕಳ ಗರ್ಭಚೀಲ ತೆಗೆದ ಆರೋಪ ಇದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನ್ನೋದೇ ಈ ಬರಹದ ಉದ್ದೇಶ. ಅದಕ್ಕೂ ಮೊದಲು ವೈರಸ್ ಏನು ಮಾಡ್ತದೆ ಅಂತ ತಿಳಿದುಕೊಳ್ಳೋಣ.

ಬ್ರೇಕ್ ಕೀಳುವ ವೈರಸ್

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಎಚ್‌ಪಿವಿಯ ಡಿಎನ್‌ಎಯಲ್ಲಿ ಇರೋದು ಸುಮಾರು 8 ಸಾವಿರ, ಬಳೆಯ ಹಾಗೆ ದುಂಡಗೆ ಸುತ್ತಿಕೊಂಡಿರ್ತದೆ. ಎಂಟೇ ಎಂಟು ವಂಶವಾಹಿ. ಇಷ್ಟು ಬಡ ವೈರಸ್ಸಿಗೆ ತನ್ನ ನಕಲು ತಾನೇ ತೆಗೆಯುವ ಯಂತ್ರ ಸ್ವಂತಕ್ಕಿಲ್ಲ. ನಮ್ಮ ಜೀವಕೋಶದ ಯಂತ್ರವನ್ನೇ ಬಳಸಬೇಕು. ತೊಂದರೆ ಏನಂದರೆ, ಚರ್ಮದ ಮೇಲ್ಪದರದ ಜೀವಕೋಶಗಳು ವಿಭಜನೆ ನಿಲ್ಲಿಸಿ ಯಂತ್ರ ಬಂದ್ ಮಾಡಿರ್ತವೆ. ಅದನ್ನು ಮತ್ತೆ ಚಾಲೂ ಮಾಡದೆ ವೈರಸ್ಸಿಗೆ ಗತಿ ಇಲ್ಲ. ಅದಕ್ಕಾಗಿ ಅದು ಎರಡು ಪ್ರೋಟೀನು ಇಟ್ಟುಕೊಂಡಿದೆ, ಇ6 ಮತ್ತು ಇ7.

ಜೀವಕೋಶವನ್ನು ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ ಅಂದುಕೊಳ್ಳಿ. ಆರ್‌ಬಿ ಅನ್ನುವ ಪ್ರೋಟೀನು ಅದರ ಬ್ರೇಕ್. ಸಮಯ ಬರುವವರೆಗೆ ಗಾಡಿ ಕದಲದಂತೆ ಹಿಡಿದಿಡೋದು ಅದರ ಕೆಲಸ. ಪಿ53 ಅನ್ನೋದು ಕಂಡಕ್ಟರ್. ಏನಾದರೂ ಕೆಟ್ಟಿದೆ ಅಂತ ಕಂಡರೆ ಸೀಟಿ ಊದಿ ಗಾಡಿ ನಿಲ್ಲಿಸ್ತಾನೆ, ರಿಪೇರಿ ಆಗೋದಿಲ್ಲ ಅಂದರೆ ಗಾಡಿಯನ್ನೇ ಗುಜರಿಗೆ ಕಳಿಸ್ತಾನೆ. ಇ7 ಬಂದು ಬ್ರೇಕ್ ಕೀಳ್ತದೆ. ಇ6 ಕಂಡಕ್ಟರನ್ನು ಇಳಿಸಿಬಿಡ್ತದೆ. ಜೀವಕೋಶದ ಕಸ ವಿಲೇವಾರಿ ವ್ಯವಸ್ಥೆಗೇ ಪಿ53ಯನ್ನು ಒಪ್ಪಿಸಿ ಚೂರು ಮಾಡಿಸ್ತದೆ. ಈಗ ಗಾಡಿ ಓಡ್ತಾನೇ ಇರ್ತದೆ, ತಪ್ಪುಗಳು ತುಂಬಿಕೊಳ್ತಾನೇ ಹೋಗ್ತವೆ.

ಸ್ವಾರಸ್ಯ ಏನಂದರೆ ಕ್ಯಾನ್ಸರಿನಿಂದ ವೈರಸ್ಸಿಗೆ ನಯಾಪೈಸೆ ಲಾಭವಿಲ್ಲ. ಸಾಮಾನ್ಯವಾಗಿ ಇ6, ಇ7 ಅತಿಯಾಗದಂತೆ ವೈರಸ್ಸಿನದೇ ಇ2 ಎಂಬ ಇನ್ನೊಂದು ಪ್ರೋಟೀನು ಹಿಡಿತದಲ್ಲಿ ಇಡ್ತದೆ. ಎಷ್ಟೋ ವರ್ಷ ಸೋಂಕು ಉಳಿದಾಗ ಆ ದುಂಡು ಡಿಎನ್‌ಎ ಎಲ್ಲೋ ಮುರಿದು ನಮ್ಮ ಡಿಎನ್‌ಎ ಒಳಗೆ ಸಿಕ್ಕಿಕೊಳ್ಳಬಹುದು. ಅನೇಕ ಸಲ ಮುರಿಯೋದು ಈ ಇ2 ಜಾಗದಲ್ಲೇ. ಹಿಡಿತ ತಪ್ಪಿದ ಇ6, ಇ7 ಕುಣಿಯತೊಡಗ್ತವೆ. ಅಂಥ ಜೀವಕೋಶದಿಂದ ಹೊಸ ವೈರಸ್ ಹುಟ್ಟೋದೂ ಇಲ್ಲ. ಅಂದರೆ ಕ್ಯಾನ್ಸರ್ ಅನ್ನೋದು ವೈರಸ್ಸಿನ ಗುರಿಯಲ್ಲ, ಒಂದು ಅಪಘಾತ. ಆ ಅಪಘಾತಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದಿನ ರಾಜಕೀಯವೆಲ್ಲ ನಿಂತಿರೋದು ಇದರ ಮೇಲೆ.

ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆ. ಬಹುತೇಕ ನಿರುಪದ್ರವಿ, ಕೆಲವು ಬರೀ ನರಹುಲಿ ಎಬ್ಬಿಸ್ತವೆ. ಹದಿನಾಲ್ಕರಷ್ಟು ಬಗೆಗಳು ಅಪಾಯಕಾರಿ, ಅದರಲ್ಲೂ 16 ಮತ್ತು 18. ಜಗತ್ತಿನ ಗರ್ಭಕಂಠ ಕ್ಯಾನ್ಸರುಗಳಲ್ಲಿ ಸುಮಾರು ಶೇ. 70ಕ್ಕೆ ಈ ಎರಡೇ ಕಾರಣ. 1983ರಲ್ಲಿ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರ ತಂಡ ಕ್ಯಾನ್ಸರ್ ಗಡ್ಡೆಯೊಳಗೆ 16ನೇ ಬಗೆಯನ್ನು ಪತ್ತೆ ಮಾಡಿತು. ಆಗ ಹೆಚ್ಚಿನವರು ಬೇರೆ ವೈರಸ್ಸಿನ ಮೇಲೆ ಅನುಮಾನ ಪಡ್ತಿದ್ದರು. ಅವರಿಗೆ ನೊಬೆಲ್ ಬಂದದ್ದು 2008ರಲ್ಲಿ.

ದಾಯಾದಿಗಳು, ಮತ್ತೊಂದು ವಾಟ್ಸ್‌ಆ್ಯಪ್ ಫಾರ್ವರ್ಡ್

ಇಂಥ ಸಣ್ಣ ಡಿಎನ್‌ಎ ವೈರಸ್ಸುಗಳ ಇನ್ನೊಂದು ಮನೆತನ ಪಾಲಿಯೋಮಾ. ಇವು ಇನ್ನೂ ಚಿಕ್ಕವು, ಸುಮಾರು 5 ಸಾವಿರ ಅಕ್ಷರ. ಬಿಕೆ, ಜೆಸಿ ಅನ್ನುವ ಎರಡು 1971ರಲ್ಲಿ ಸಿಕ್ಕವು. ಅವು ಸಿಕ್ಕ ರೋಗಿಗಳ ಹೆಸರಿನ ಮೊದಲಕ್ಷರಗಳೇ ಅವುಗಳ ಹೆಸರು. ಓದುವ ನಿಮ್ಮಲ್ಲೂ ಬಹಳಷ್ಟು ಮಂದಿಯ ದೇಹದಲ್ಲಿ ಇವು ಚಿಕ್ಕಂದಿನಿಂದಲೇ ಮಲಗಿವೆ. ರೋಗನಿರೋಧಕ ಶಕ್ತಿ ಕುಗ್ಗಿದಾಗ ಮಾತ್ರ ಏಳ್ತವೆ: ಕಿಡ್ನಿ ಕಸಿ ಮಾಡಿಸಿಕೊಂಡವರ ಹೊಸ ಕಿಡ್ನಿಯನ್ನು ಬಿಕೆ ಹಾಳುಮಾಡಬಹುದು, ಏಡ್ಸ್ ರೋಗಿಗಳ ಮಿದುಳನ್ನು ಜೆಸಿ ಕೆಡಿಸಬಹುದು. 2008ರಲ್ಲಿ ಪತ್ತೆಯಾದ ಮರ್ಕೆಲ್ ಸೆಲ್ ಪಾಲಿಯೋಮಾ ವೈರಸ್ ಒಂದು ಅಪರೂಪದ ಚರ್ಮದ ಕ್ಯಾನ್ಸರಿಗೆ ಕಾರಣ.

ಇದೇ ಮನೆತನದ ಎಸ್‌ವಿ40 ಬಗ್ಗೆ ನಿಮಗೆ ಫಾರ್ವರ್ಡ್ ಬಂದಿರಬಹುದು. ಮಂಗನ ವೈರಸ್ಸದು. 1955ರಿಂದ 1963ರವರೆಗಿನ ಕೆಲವು ಪೋಲಿಯೋ ಲಸಿಕೆಗಳನ್ನು ಮಂಗನ ಕಿಡ್ನಿಯ ಜೀವಕೋಶಗಳಲ್ಲಿ ಬೆಳೆಸುವಾಗ ಇದೂ ಸೇರಿಕೊಂಡಿತ್ತು, ಅಮೆರಿಕದಲ್ಲಿ ಕೋಟ್ಯಂತರ ಜನರಿಗೆ ಹೋಯಿತು. ಇದು ಕಟ್ಟುಕತೆಯಲ್ಲ, ನಡೆದದ್ದೇ. ಆದರೆ ಅದರಿಂದ ಮನುಷ್ಯರಿಗೆ ಕ್ಯಾನ್ಸರ್ ಬಂತು ಅನ್ನೋದಕ್ಕೆ ದಶಕಗಳ ನಂತರವೂ ಸಾಕಷ್ಟು ಪುರಾವೆ ಸಿಗಲಿಲ್ಲ. ವಿಶ್ವಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 'ವರ್ಗೀಕರಿಸಲು ಆಗದ' ಪಟ್ಟಿಯಲ್ಲಿ ಇಟ್ಟಿದೆ. ವಿಜ್ಞಾನ ಈ ವೈರಸ್ಸಿಗೆ ಒಂದು ಋಣವನ್ನೂ ಹೊತ್ತಿದೆ: ಮೇಲೆ ಹೇಳಿದ ಕಂಡಕ್ಟರ್ ಪಿ53 ಸಿಕ್ಕಿದ್ದು 1979ರಲ್ಲಿ, ಎಸ್‌ವಿ40ಯ ಪ್ರೋಟೀನಿಗೆ ಅಂಟಿಕೊಂಡ ಸ್ಥಿತಿಯಲ್ಲಿ.

ಚಾರಿತ್ರ್ಯದ ಮಾತು ಬೇಡ

ಎಚ್‌ಪಿವಿ ದಾಟೋದು ಮುಖ್ಯವಾಗಿ ಲೈಂಗಿಕ ಸಂಪರ್ಕದಲ್ಲಿ, ಚರ್ಮಕ್ಕೆ ಚರ್ಮ ತಾಗಿದಾಗ. ಕಾಂಡೋಮ್ ಅಪಾಯ ಕಡಿಮೆ ಮಾಡ್ತದೆ, ಪೂರ್ತಿ ತಡೆಯೋದಿಲ್ಲ. ಇಷ್ಟು ಹೇಳಿದ ಕೂಡಲೇ ನಮ್ಮ ಸಮಾಜದ ಬೆರಳು ಹೆಂಗಸಿನ ಕಡೆ ತಿರುಗ್ತದೆ. ಲೈಂಗಿಕವಾಗಿ ಸಕ್ರಿಯರಾದ ಬಹುತೇಕ ಎಲ್ಲ ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲ್ತದೆ. ಒಬ್ಬನೇ ಗಂಡನ ಜೊತೆ ಬಾಳಿದವಳಿಗೂ ಅದೇ ಗಂಡನಿಂದ ಬರ್ತದೆ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹವೇ ಎರಡು ವರ್ಷದೊಳಗೆ ಓಡಿಸ್ತದೆ. ಉಳಿದುಕೊಂಡದ್ದೇ ಸಮಸ್ಯೆ. ಯಾಕೆ ಉಳೀತದೆ? ತಂಬಾಕು, ಎಚ್‌ಐವಿ ಇವೆಲ್ಲ ಕಾರಣ. ಎಳೆಯ ವಯಸ್ಸಿನಲ್ಲೇ ಮದುವೆ, ಮೇಲಿಂದ ಮೇಲೆ ಹೆರಿಗೆ ಆದವರಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚು. ಎಚ್‌ಐವಿ ಇರುವ ಮಹಿಳೆಯರಿಗೆ ಇತರರಿಗಿಂತ ಆರು ಪಟ್ಟು ಅಪಾಯ. ಪಟ್ಟಿಯನ್ನು ಮತ್ತೊಮ್ಮೆ ಓದಿ: ಇದರಲ್ಲಿ ಚಾರಿತ್ರ್ಯಕ್ಕಿಂತ ಬಡತನ, ಬಾಲ್ಯವಿವಾಹಗಳೇ ಎದ್ದು ಕಾಣ್ತವೆ.

ಗಂಡಸರಿಗೂ ಇದು ಬಿಟ್ಟಿದ್ದಲ್ಲ. ಶಿಶ್ನ, ಗುದದ್ವಾರ, ಗಂಟಲ ಹಿಂಭಾಗದ ಕ್ಯಾನ್ಸರುಗಳಲ್ಲಿ ಎಚ್‌ಪಿವಿಯ ಪಾಲು ಇದೆ. ನಮ್ಮ ಕಡೆಯ ಬಾಯಿ ಕ್ಯಾನ್ಸರಿಗೆ ಮಾತ್ರ ಮೊದಲ ಆರೋಪಿ ಗುಟ್ಕಾನೇ, ಅಲ್ಲಿ ವೈರಸ್ಸಿನ ಮೇಲೆ ಹಾಕಿ ತಪ್ಪಿಸಿಕೊಳ್ಳೋ ಹಾಗಿಲ್ಲ.

ಉಸ್ಮಾನಾಬಾದಿನ 1,31,746 ಹೆಂಗಸರು

ಕಲಬುರಗಿಯಿಂದ ಆಳಂದ, ಅಲ್ಲಿಂದ ಮುಂದೆ ಉಮರ್ಗಾ. ಉಮರ್ಗಾ ಇರೋದು ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ. ಈಗ ಅದರ ಹೆಸರು ಧಾರಾಶಿವ. 1956ರವರೆಗೆ ಗುಲಬರ್ಗಾ, ಉಸ್ಮಾನಾಬಾದ್ ಎರಡೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಅದೇ ಕಪ್ಪು ನೆಲ, ಅದೇ ಜೋಳ, ಅದೇ ಬರ.

1999ರಲ್ಲಿ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಮುಂಬೈಯ ಟಾಟಾ ಮೆಮೋರಿಯಲ್, ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆ, ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ಮಾಡಿದ್ದು, ಮುಂದಾಳು ಡಾ. ಆರ್. ಶಂಕರನಾರಾಯಣನ್. 52 ಹಳ್ಳಿ ಗುಂಪುಗಳು, 30ರಿಂದ 59 ವಯಸ್ಸಿನ 1,31,746 ಮಹಿಳೆಯರು. ಅವರನ್ನು ನಾಲ್ಕು ಭಾಗ ಮಾಡಿದರು. ಒಂದು ಭಾಗಕ್ಕೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆ, ಒಂದಕ್ಕೆ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರ್‌ನಂಥ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ. ನಾಲ್ಕನೆಯ ಭಾಗಕ್ಕೆ ಎಂದಿನ ವ್ಯವಸ್ಥೆ ಮಾತ್ರ, ಅಂದರೆ ಹಳ್ಳಿಯಲ್ಲಿ ಯಾವ ತಪಾಸಣೆಯೂ ಇಲ್ಲ.

ಎಂಟು ವರ್ಷದ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ಪರೀಕ್ಷೆಯ ಗುಂಪಿನ 34,126 ಮಹಿಳೆಯರಲ್ಲಿ ಗರ್ಭಕಂಠ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆ ಇಲ್ಲದ 31,488ರಲ್ಲಿ 64. ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆ ಸಾವನ್ನು ಅರ್ಧದ ಹತ್ತಿರಕ್ಕೆ ಇಳಿಸಿತು. ಅಲ್ಲಿ ಉಳಿದೆರಡು ಪರೀಕ್ಷೆಗಳು ಆ ಮಟ್ಟದ ಫಲ ಕೊಡಲಿಲ್ಲ. (ವಿನೆಗರ್ ಪರೀಕ್ಷೆ ತಮಿಳುನಾಡಿನ ದಿಂಡಿಗಲ್‌ನಲ್ಲಿ ಸಾವನ್ನು ಶೇ. 35, ಮುಂಬೈಯ ಕೊಳೆಗೇರಿಗಳಲ್ಲಿ ಶೇ. 31 ಇಳಿಸಿತ್ತು, ಅದನ್ನು ನಿಷ್ಪ್ರಯೋಜಕ ಅನ್ನಬೇಡಿ.) ಇಂದು ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲ ಆಯ್ಕೆ ಮಾಡಿಕೊಳ್ಳಿ ಅಂತ ಜಗತ್ತಿಗೆಲ್ಲ ಹೇಳ್ತದಲ್ಲ, ಅದರ ಹಿಂದಿರುವ ಗಟ್ಟಿ ಪುರಾವೆಗಳಲ್ಲಿ ಇದೂ ಒಂದು.

ನಾಲ್ಕನೆಯ ಗುಂಪಿನ ಪ್ರಶ್ನೆ ಮಾತ್ರ ನನ್ನನ್ನು ಬಿಡೋದಿಲ್ಲ. ತಪಾಸಣೆಯಿಂದ ಜೀವ ಉಳೀತದೆ ಅಂತ ಗೊತ್ತಿದ್ದೂ ಒಂದು ಗುಂಪನ್ನು ತಪಾಸಣೆಯಿಲ್ಲದೆ ಬಿಡಬಹುದೇ ಅಂತ ಆಮೇಲೆ ದೊಡ್ಡ ವಿವಾದವಾಯಿತು. ದೇಶದ ಬಡ ಹೆಂಗಸರಿಗೆ ಸಿಗುವ 'ಎಂದಿನ ವ್ಯವಸ್ಥೆ'ಯೇ ಶೂನ್ಯ, ಅದಕ್ಕೇ ಹೋಲಿಸಿದೆವು ಅನ್ನೋದು ಸಂಶೋಧಕರ ಸಮರ್ಥನೆ. ನನಗೆ ಅದು ಸಮರ್ಥನೆಗಿಂತ ಹೆಚ್ಚಾಗಿ ಸರ್ಕಾರದ ಮೇಲಿನ ಚಾರ್ಜ್‌ಶೀಟ್ ಥರ ಕೇಳಿಸ್ತದೆ. ಯಾಕಂದರೆ ಅಧ್ಯಯನ ಮುಗಿದು ಹತ್ತು ವರ್ಷದ ಮೇಲೂ ಆ ಶೂನ್ಯ ತುಂಬಲಿಲ್ಲ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಈ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡ 30ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರು ಶೇ. 2ಕ್ಕಿಂತ ಕಡಿಮೆ. ನಾವೆಲ್ಲ ಆ ನಾಲ್ಕನೆಯ ಗುಂಪಿನಲ್ಲೇ ಇದ್ದೀವಿ.

ನಿಂತುಹೋದ ಲಸಿಕೆ ಹೇಳಿದ್ದು

ಲಸಿಕೆಯ ಕತೆಯೂ ನಮ್ಮ ಸುತ್ತಮುತ್ತಲಿನದೇ. ಎಚ್‌ಪಿವಿ ಲಸಿಕೆಯಲ್ಲಿ ವೈರಸ್ ಇಲ್ಲ. ಅದರ ಹೊರಕವಚದ ಎಲ್1 ಪ್ರೋಟೀನು ಮಾತ್ರ ಇದೆ. ಒಳಗೆ ಡಿಎನ್‌ಎ ಇಲ್ಲದ ಪೊಳ್ಳು ಚಿಪ್ಪು. 2009ರಲ್ಲಿ ಪಾತ್ ಎಂಬ ಅಮೆರಿಕದ ಸಂಸ್ಥೆ, ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳ ಜೊತೆಗೂಡಿ, ಗೇಟ್ಸ್ ಫೌಂಡೇಷನ್ ಹಣದಲ್ಲಿ, ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡುಗಿಯರಿಗೆ ಇದನ್ನು ಕೊಡಿಸಿತು. ಖಮ್ಮಂನಲ್ಲಿ ಆದಿವಾಸಿ ಹಾಸ್ಟೆಲುಗಳ ಮಕ್ಕಳೂ ಇದ್ದರು. ತಂದೆತಾಯಿಯ ಬದಲು ವಾರ್ಡನ್ನುಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಏಳು ಹುಡುಗಿಯರು ಸತ್ತರು. ಸಾವುಗಳಿಗೆ ಲಸಿಕೆ ಕಾರಣ ಅನ್ನೋದಕ್ಕೆ ತನಿಖೆಯಲ್ಲಿ ಆಧಾರ ಸಿಗಲಿಲ್ಲ, ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಖಂಡಿಸಿತು. 2010ರ ಏಪ್ರಿಲಿನಲ್ಲೇ ಕೇಂದ್ರ ಎಲ್ಲವನ್ನೂ ನಿಲ್ಲಿಸಿತ್ತು.

ಆ ಆದೇಶಕ್ಕೆ ಇನ್ನೊಂದು ಅಧ್ಯಯನವೂ ಸಿಕ್ಕಿಕೊಂಡಿತು. ಎರಡು ಡೋಸೇ ಸಾಕೇ, ಮೂರು ಬೇಕೇ ಅಂತ ನೋಡಲು ಬಾರ್ಶಿಯೂ ಸೇರಿ ದೇಶದ ಹಲವು ಕಡೆ 20 ಸಾವಿರ ಹುಡುಗಿಯರನ್ನು ಗುರಿಯಾಗಿಟ್ಟುಕೊಂಡ ಅಧ್ಯಯನವದು. ದಿಢೀರ್ ನಿಂತದ್ದರಿಂದ ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕು ಮುಗಿಯಿತು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ಗಮನಿಸಿದರು. 16, 18ರ ಸೋಂಕು ಬಂದು ಉಳಿದುಕೊಳ್ಳೋದನ್ನು ಒಂದೇ ಡೋಸ್ ಶೇ. 95ರಷ್ಟು ತಡೆದಿತ್ತು! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಒಂದು ಡೋಸೂ ಆದೀತು' ಅಂದಾಗ ಈ ಹುಡುಗಿಯರ ಲೆಕ್ಕವೂ ಅದರ ಮುಂದಿತ್ತು. ಬಡ ದೇಶಗಳ ಲಸಿಕೆ ಖರ್ಚನ್ನೇ ಬದಲಿಸಿದ ಮಾತದು. ಸೀರಂ ಇನ್‌ಸ್ಟಿಟ್ಯೂಟಿನ ಸ್ವದೇಶಿ ಲಸಿಕೆ ಸರ್ವಾವ್ಯಾಕ್ 2023ರ ಜನವರಿಯಲ್ಲಿ ಬಂತು. 2024ರ ಮಧ್ಯಂತರ ಬಜೆಟ್ಟಿನಲ್ಲಿ 9ರಿಂದ 14ರ ಹುಡುಗಿಯರಿಗೆ ಲಸಿಕೆಯನ್ನು ಪ್ರೋತ್ಸಾಹಿಸುವ ಮಾತು ಬಂತು. ಸಿಕ್ಕಿಂ 2018ರಲ್ಲೇ ಶಾಲೆಗಳ ಮೂಲಕ ಕೊಡಲು ಶುರುಮಾಡಿತ್ತು.

ಲಸಿಕೆ ಬೇಕು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಖಮ್ಮಂ ನೆನಪಿಸಿಕೊಂಡು ಲಸಿಕೆ ಬೇಡ ಅನ್ನೋದು ತಪ್ಪು. ಖಮ್ಮಂ ಮರೆತು ಹಾಸ್ಟೆಲ್ ಮಕ್ಕಳಿಗೆ ಚುಚ್ಚೋದೂ ತಪ್ಪು. ಆದರೆ ಹಿಂದೆ ಹೇಳಿದ 15-20 ವರ್ಷದ ಲೆಕ್ಕ ಇಲ್ಲಿ ಬರ್ತದೆ. ಇದ್ದ ಸೋಂಕನ್ನು ಲಸಿಕೆ ತೆಗೆಯೋದಿಲ್ಲ. ಇಂದು ಹದಿನಾಲ್ಕರ ಹುಡುಗಿಗೆ ಕೊಟ್ಟರೆ ಅದರ ಫಲ ಕಾಣೋದು ಅವಳ ಮೂವತ್ತು-ನಲವತ್ತರಲ್ಲಿ. ಅವಳನ್ನು ಶಾಲೆಗೆ ಬಿಡಲು ಬರುವ ತಾಯಿಗೆ ಬೇಕಾದದ್ದು ಪರೀಕ್ಷೆ.

ಕಲಬುರಗಿಯ ಕತ್ತರಿ

ಆ ತಾಯಿಗೆ ಇಲ್ಲಿ ಸಿಕ್ಕಿದ್ದೇನು? 2015ರಲ್ಲಿ ಬೆಳಕಿಗೆ ಬಂದ ಪ್ರಕರಣ ನಿಮಗೆ ನೆನಪಿರಬಹುದು. ಕಲಬುರಗಿ ಜಿಲ್ಲೆಯಲ್ಲಿ 2 ಸಾವಿರಕ್ಕೂ ಹೆಚ್ಚು ಮಹಿಳೆಯರ ಗರ್ಭಚೀಲವನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆಯಲಾಗಿದೆ ಎಂಬ ಆರೋಪ. ಹೆಚ್ಚಿನವರು ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳು, ಅನೇಕರು ಇನ್ನೂ ಹರೆಯದವರು. ಬಿಳಿ ಮುಟ್ಟು, ಸೊಂಟನೋವು, ಹೊಟ್ಟೆನೋವು ಅಂತ ಹೋದವರು. ಹಾಗೇ ಬಿಟ್ಟರೆ ಕ್ಯಾನ್ಸರ್ ಆಗ್ತದೆ ಅಂತ ಹೆದರಿಸಿದರು ಅನ್ನೋದು ಅವರಲ್ಲಿ ಅನೇಕರ ಹೇಳಿಕೆ. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಹಿಂದೆ ಬಿದ್ದವು, ಆರೋಗ್ಯ ಇಲಾಖೆ ತನಿಖೆ ಮಾಡಿತು, ಕೆಲವು ಆಸ್ಪತ್ರೆಗಳ ಪರವಾನಗಿ ರದ್ದತಿಯ ಆದೇಶವಾಯಿತು. ಆದೇಶ ಕಾಗದದಲ್ಲೇ ಉಳಿದಿದೆ ಅಂತ 2017ರ ಫೆಬ್ರವರಿಯಲ್ಲಿ ಆ ಮಹಿಳೆಯರೇ ಕಲಬುರಗಿಯ ಬೀದಿಗೆ ಬಂದರು.

ಇಲ್ಲಿ ಜೀವಶಾಸ್ತ್ರ ಗೊತ್ತಿದ್ದರೆ ಮೋಸ ಎಲ್ಲಿದೆ ಅಂತ ತಕ್ಷಣ ಕಾಣ್ತದೆ. ಬಿಳಿ ಮುಟ್ಟು ಬಹುತೇಕ ಸಲ ಸಾಮಾನ್ಯ ಸೋಂಕು, ಮಾತ್ರೆಗೆ ವಾಸಿಯಾಗುವಂಥದ್ದು. ಅದು ತಾನೇ ಬೆಳೆದು ಕ್ಯಾನ್ಸರ್ ಆಗೋದಿಲ್ಲ. ಕ್ಯಾನ್ಸರಿಗೆ ಅಪಾಯಕಾರಿ ಎಚ್‌ಪಿವಿ ಬೇಕು, ಅದು ವರ್ಷಗಟ್ಟಲೆ ಉಳಿಯಬೇಕು. ಅದು ಇದೆಯೋ ಇಲ್ಲವೋ ಅಂತ ಒಂದು ಸಣ್ಣ ಬ್ರಷ್ಷಿನ ಪರೀಕ್ಷೆ ಹೇಳ್ತದೆ. ಇದ್ದರೂ ಗರ್ಭಚೀಲ ತೆಗೆಯಬೇಕಾಗಿಲ್ಲ: ಕ್ಯಾನ್ಸರಿಗೆ ಮುಂಚಿನ ಮಚ್ಚೆಯನ್ನು ಬಿಸಿ ತಾಗಿಸಿ ಅಥವಾ ಹೆಪ್ಪುಗಟ್ಟಿಸಿ ಸುಡಬಹುದು, ಇಲ್ಲವೇ ಅಷ್ಟೇ ಭಾಗವನ್ನು ಕೊರೆದು ತೆಗೆಯಬಹುದು. ಬಹುಪಾಲು ಹೊರರೋಗಿ ವಿಭಾಗದಲ್ಲೇ ಮುಗಿಯುವ ಕೆಲಸ. ಉಸ್ಮಾನಾಬಾದಿನ ಹಳ್ಳಿಗಳಲ್ಲಿ ಇದೇ ನಡೆದದ್ದು. ಎಳೆಯ ವಯಸ್ಸಿನಲ್ಲಿ ಗರ್ಭಚೀಲ, ಅದರ ಜೊತೆ ಅಂಡಾಶಯವೂ ಹೋದರೆ ಮುಟ್ಟು ಅಕಾಲದಲ್ಲಿ ನಿಂತು, ಮೂಳೆ ಸವೆದು, ಕೂಲಿ ಮಾಡೋ ಶಕ್ತಿಯೇ ಹೋಗ್ತದೆ. ಪರೀಕ್ಷೆ ಸಿಗದ ಕಡೆ ಭಯ ಮಾರಾಟಕ್ಕೆ ಸಿಗ್ತದೆ. ಇದನ್ನು ಬರೀ ಕೆಲವು ಡಾಕ್ಟರುಗಳ ದುರಾಸೆ ಅಂತ ಮುಗಿಸೋಕೆ ನಾನು ತಯಾರಿಲ್ಲ.

ಏನು ಕೇಳಬೇಕು

2016ರ ಕೇಂದ್ರ ಮಾರ್ಗಸೂಚಿ ಪ್ರಕಾರ 30ರಿಂದ 65 ವರ್ಷದ ಎಲ್ಲ ಮಹಿಳೆಯರಿಗೂ ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಆಗಬೇಕು. ನಿಮ್ಮ ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೋದ ತಿಂಗಳು ಎಷ್ಟು ಆಯಿತು? ಪಾಸಿಟಿವ್ ಬಂದವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿತು? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಕೇಳಬಹುದಾದ ಪ್ರಶ್ನೆಗಳಿವು. ಎಚ್‌ಪಿವಿ ಪರೀಕ್ಷೆಯ ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಡಬಹುದು, ಡಾಕ್ಟರ ಮುಂದೆ ಮಲಗುವ ಮುಜುಗರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 30 ವರ್ಷದ ಮೇಲೆ 5ರಿಂದ 10 ವರ್ಷಕ್ಕೊಮ್ಮೆ ಸಾಕು ಅನ್ನುತ್ತದೆ. ಎಚ್‌ಐವಿ ಇದ್ದವರಿಗೆ 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ. 371(ಜೆ) ಹೆಸರಲ್ಲಿ ನಮಗೊಂದು ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಅದಕ್ಕೆ ಹಣವೂ ಬರ್ತದೆ. ರಸ್ತೆ, ಭವನಗಳ ಪಟ್ಟಿಯಲ್ಲಿ ಈ ಪರೀಕ್ಷೆಗೂ ಒಂದು ಸಾಲು ಕೊಡಿ ಅಂತ ನಮ್ಮ ಶಾಸಕರನ್ನು ಕೇಳಲು ಏನಡ್ಡಿ?

ಇನ್ನೊಂದು ಇದೆ. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿದೆ. ಅದರ ಪ್ರಕಾರ ಜಿಲ್ಲಾ ಮಟ್ಟದಲ್ಲಿ ಮೇಲ್ವಿಚಾರಣಾ ಸಮಿತಿ ಇರಬೇಕು, 40 ವರ್ಷದೊಳಗಿನವರ ಪ್ರಕರಣಗಳ ಮೇಲೆ ವಿಶೇಷ ಕಣ್ಣಿಡಬೇಕು. ಕಲಬುರಗಿಯ ಸಮಿತಿ ಎಷ್ಟು ಸಲ ಸೇರಿದೆ, ಎಷ್ಟು ಕಡತ ತೆಗೆದು ನೋಡಿದೆ ಅನ್ನೋದೂ ಅದೇ ಹತ್ತು ರೂಪಾಯಿಯ ಅರ್ಜಿಯಲ್ಲಿ ಹಿಡಿಸ್ತದೆ.

ಮನೆಯಲ್ಲಿ ಅಮ್ಮ, ಅತ್ತಿಗೆ, ಚಿಕ್ಕಮ್ಮ ಯಾರಿಗಾದರೂ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಬಂದರೆ, ಕೆಟ್ಟ ವಾಸನೆಯ ಸ್ರಾವ ನಿಲ್ಲದಿದ್ದರೆ ತಡಮಾಡಬೇಡಿ. ಕಿದ್ವಾಯಿ ಸಂಸ್ಥೆಯ ಘಟಕ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ರೈಲು ಹತ್ತಬೇಕಾಗಿಲ್ಲ. ಯಾರಾದರೂ 'ಗರ್ಭಚೀಲ ತೆಗಿಸ್ಬೇಕ್ರಿ, ಇಲ್ಲಂದ್ರ ಕ್ಯಾನ್ಸರ್ ಆಗ್ತದ' ಅಂದರೆ ಯಾವ ಪರೀಕ್ಷೆಯ ರಿಪೋರ್ಟಿನ ಮೇಲೆ ಹೀಗೆ ಹೇಳ್ತಿದ್ದೀರಿ ಅಂತ ಕೇಳಿ, ಆ ಕಾಗದ ಇಸಿದುಕೊಂಡು ಇನ್ನೊಬ್ಬ ಡಾಕ್ಟರಿಗೆ ತೋರಿಸಿ.